ಖಾಲಿ ನಗೆಚೀಟಿ

ಊರಿನ ಎಲ್ಲರಂತೆ ಕಾಶವ್ವನೂ ಜಾತಕ ಬಿಟ್ಟು ನಗೆಚೀಟಿಯನ್ನು ನಂಬಿದ್ದಳು. ಗಂಡ ಹೆಂಡತಿಯನ್ನು ಬಡಿಯುವ ಹಾಸ್ಯನಾಟಕಕ್ಕೆ ವರನನ್ನು ಕರೆದೊಯ್ದು ಕೂರಿಸಿದರೆ ಸಾಕು, ಅವನು ಎಲ್ಲೆಲ್ಲಿ ನಕ್ಕನೆಂದು ಕುರ್ಚಿಯೇ ಚೀಟಿಯಲ್ಲಿ ಬರೆದುಕೊಡುತ್ತಿತ್ತು. ಮಗಳು ದಾಕ್ಷಾಯಣಿಯನ್ನು ಕೇಳಿ ಬಂದ ಮೂವರೂ ನಕ್ಕಿದ್ದರಿಂದ ಕಾಶವ್ವ ಅವರನ್ನು ವಾಪಸು ಕಳಿಸಿದ್ದಳು.

ನಾಲ್ಕನೆಯವನು ಪ್ರಭುಲಿಂಗ. ರಂಗದ ಮೇಲೆ ಗಂಡ ಹೆಂಡತಿಯ ಕೈ ತಿರುವಿ ಲಟಕ್ಕನೆ ಮುರಿದಾಗ ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಪ್ರಭುಲಿಂಗ ಮಾತ್ರ ನಗಲಿಲ್ಲ.

ಖಾಲಿ ಚೀಟಿ ನೋಡಿ ಕಾಶವ್ವನ ಕಣ್ಣು ಖುಷಿಯಿಂದ ತುಂಬಿ ಬಂತು. "ಒಮ್ಮೆರ ನಗಲಿಲ್ಲಲ್ಲಪ್ಪಾ ನೀ!"

"ನಗೂದೇನ್ರಿ ಅತ್ತಿ, ಎಲ್ಲಾ ಸುಳ್ಳ," ಎಂದ ಪ್ರಭುಲಿಂಗ ಬೇಸರದಿಂದ. "ಹಂಗ ತಿರುವಿದ್ರ ಕೈ ಮುರಿಯಂಗಿಲ್ರಿ."

ಅವನ ಮಾತು ನಿಜವೆಂದು, ಗಂಡ ಮುರಿದು, ಸೆರಗಿನೊಳಗೆ ಮುಚ್ಚಿಟ್ಟಿದ್ದ ಕಾಶವ್ವನ ಸೊಟ್ಟ ಕೈಗೆ ಗೊತ್ತಿತ್ತು.