ಬಚ್ಚಿಟ್ಟುಕೊಳ್ಳದವಳು

"ಬಚ್ಚಿಟ್ಕೊಳ್ಳಿ ಬಮಾಯೊ! ಬೀರು ಒಳಗೆ ಹೋಗಿ! ಬೂಟಿನ ಸದ್ದು ಕೇಳಿಸ್ತಿಲ್ವಾ?" ಕುರ್ಚಿಯ ಹಿಂದೆ ನಿಂತು ಬ್ವಾಲ್ಯ ಕೂಗಿದ. ಗೆಳತಿ ಕಸೊಂಡೆಯ ತಾಯಿಯನ್ನು ಅವನೂ ಬಮಾಯೊ, ಅಮ್ಮ, ಎಂದೇ ಕರೆಯುತ್ತಿದ್ದ. ಆಕೆ ಒಂದೇ ಬೆರಳಿನಿಂದ ಲ್ಯಾಪ್‌ಟಾಪಿನ ಕೀಲಿ ಒತ್ತುತ್ತ, ಪರದೆಯ ಮೇಲಿನ ಪುಟ್ಟ ಹೆಂಗಸನ್ನು ಬೀರುವಿನ ಮುಂದಿನಿಂದಲೇ ದಾಟಿಸಿ, ಸೀದಾ ನಡುಮನೆಗೆ ತಂದು ನಿಲ್ಲಿಸಿದಳು. ಬಾಗಿಲು ತೆರೆಯಿತು. ಗಮ್‌ಬೂಟಿನ ಕರಿ ಆಕೃತಿ ಒಳಗೆ ಬಂತು. ಪರದೆ ಕೆಂಪಾಯಿತು. 'ನೀನು ಸತ್ತೆ' ಎಂಬ ಅಕ್ಷರ ಮೂಡಿತು.

ಬ್ವಾಲ್ಯನಿಗೆ ನಗು. ಕಸೊಂಡೆಗೆ ನಗು ಬರಲಿಲ್ಲ. ಅವಳು ಕಿಟಕಿಗೂ ಬಾಗಿಲಿಗೂ ಓಡಾಡುತ್ತ ಉಗುರು ಕಚ್ಚುತ್ತಿದ್ದಳು. ಇಬ್ಬರೂ ಸೇರಿ ಗಣಿ ಊರು ಕಿಟ್ವೆಯ ಈ ಬಾಡಿಗೆ ಕೋಣೆಯಲ್ಲಿ ವರ್ಷಗಟ್ಟಲೆ ಕೂತು ಕಟ್ಟಿದ ಭಯದ ಗೇಮು ಅದು. ಚಿತ್ರಗಳೆಲ್ಲ ರಂಗೋಲಿ ಚುಕ್ಕಿಯ ಹಾಗೆ ಚೌಕ ಚೌಕ ಬಣ್ಣಗಳಲ್ಲಿ ಬರೆದದ್ದು. ಮನೆಯೊಳಗೆ ಏನೋ ಒಂದು ಓಡಾಡುತ್ತದೆ, ಬೆಳಗಾಗುವ ತನಕ ಅದರ ಕೈಗೆ ಸಿಗದೆ ಬದುಕಬೇಕು, ಅಷ್ಟೇ ಆಟ. ಸಂಜೆಯೊಳಗೆ ಅದನ್ನು ಜೊಹಾನ್ಸ್‌ಬರ್ಗಿನ ಸ್ಪರ್ಧೆಗೆ ಕಳಿಸಬೇಕು. ಕರೆಂಟು ಯಾವ ಗಳಿಗೆಯಲ್ಲಾದರೂ ಹೋಗಬಹುದು. ಗೇಮು ಮುಟ್ಟಿಯೇ ನೋಡದವರು ಯಾರಾದರೂ ಒಮ್ಮೆ ಆಡಿದರೆ ತಪ್ಪು ಗೊತ್ತಾಗುತ್ತದೆ ಎಂದು ಬ್ವಾಲ್ಯ ಕಾಯುತ್ತಿದ್ದಾಗ, ತಾಯಿ ಮಗಳಿಗೆಂದು ಗೆಡ್ಡೆ-ಶೇಂಗಾ ಹಿಟ್ಟಿನ ಚಿಕಂಡ ಮಾಡಿ, ಡಬ್ಬಿ ಹಿಡಿದು ಬಂದಿದ್ದಳು. "ಅವರು ಬೇಡ ಕಣೋ," ಎಂದಿದ್ದಳು ಕಸೊಂಡೆ. ಯಾಕೆ ಬೇಡ ಎಂದು ಹೇಳಿರಲಿಲ್ಲ. ಗೇಮಿನೊಳಗಿನ ಆ ಮನೆ ಯಾರದು ಎಂದು ಅವಳು ಬ್ವಾಲ್ಯನಿಗೆ ಯಾವತ್ತೂ ಹೇಳಿರಲಿಲ್ಲ.

"ಕಿಟಕಿಗೆ ಗಾಜಿಲ್ಲ, ರಟ್ಟು," ಎಂದಳು ತಾಯಿ, ಪರದೆಯಿಂದ ಕಣ್ಣು ತೆಗೆಯದೆ. "ಇದು ಗಣಿಯವರು ಕೊಟ್ಟಿದ್ದ ನಮ್ಮನೆ ಅಲ್ವೇನೆ?"

"ಯಾವುದೋ ಒಂದು ಮನೆ ಬಮಾಯೊ," ಎಂದಳು ಕಸೊಂಡೆ.

"ಹೂಂ," ಎಂದು ತಾಯಿ ಮತ್ತೆ ಕೀಲಿ ಒತ್ತಿದಳು. ಪರದೆಯ ಹೆಂಗಸು ಮಲಗುವ ಕೋಣೆಗೆ ಹೋಗಿ ಮಂಚದ ಬಳಿ ನಿಂತಳು. ಮಂಚದಡಿಯ ಕತ್ತಲಲ್ಲಿ ನಾಲ್ಕು ಕಂದು ಚೌಕಗಳ ಒಬ್ಬ ಹುಡುಗಿ ಮುದುಡಿ ಕೂತಿದ್ದಳು. ನೋಡಿದವರ ಎದೆ ಝಲ್ಲೆನ್ನಲಿ ಎಂದು ಕಸೊಂಡೆ ಇಟ್ಟ ಬರೀ ಚಿತ್ರ ಅದು, ಅಲುಗುವುದಿಲ್ಲ. ತಾಯಿ ಅದನ್ನೇ ದಿಟ್ಟಿಸಿದಳು. ಹೊರಗೆ ಬೂಟಿನ ಸದ್ದು ಕೇಳಿತು. ಹೆಂಗಸು ಮತ್ತೆ ನಡುಮನೆಗೆ ಬಂದು ನಿಂತಳು. ಮತ್ತೆ ಸತ್ತಳು. ತಾಯಿ ಮತ್ತೊಂದು ಸಲ ಆಡಿದಳು. ಆಗಲೂ ಅಷ್ಟೇ.

"ಬಮಾಯೊ, ನಿಮ್ಮಂಥೋರು ಇಬ್ಬರಿದ್ರೆ ಸಾಕು, ದೆವ್ವಕ್ಕೇ ಬೇಜಾರು ಬಂದು ಊರು ಬಿಟ್ಟು ಹೋಗುತ್ತೆ," ಎಂದು ಬ್ವಾಲ್ಯ ನಕ್ಕ.

"ಯಾಕೆ ಹಾಗೆ ನಿಂತ್ಕೋತೀಯ?" ಕಸೊಂಡೆ ಕಿರುಚಿದಳು. ತಾಯಿಯನ್ನು 'ನೀವು' ಎಂದೇ ಮಾತಾಡಿಸುತ್ತಿದ್ದವಳ ಬಾಯಿಂದ ಆ ಮಾತು ಹೇಗೆ ಬಂತೋ. "ಯಾವಾಗ್ಲೂ ಹಂಗೇ ಕಂಬದ ಥರ! ಅಪ್ಪ ಕುಡ್ಕೊಂಡು ಬರೋದು ಗೊತ್ತು, ಹೊಡೆಯೋದು ಗೊತ್ತು. ಒಂದೇ ಒಂದು ಸಲ ಬಚ್ಚಿಟ್ಕೊಂಡಿದ್ರೆ ಏನಾಗ್ತಿತ್ತು? ಅಡುಗೆಮನೆ ಬಾಗಿಲಿಂದ ನಾವೆಲ್ಲ ಒಟ್ಟಿಗೆ ಓಡಿಹೋಗ್ತಿರ್ಲಿಲ್ವಾ? ನಿನಗ್ಯಾಕೆ ಆಗ್ಲಿಲ್ಲ?"

ಬ್ವಾಲ್ಯನ ನಗು ನಿಂತಿತು. ಏನು ಮಾಡುವುದೆಂದು ತಿಳಿಯದೆ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದ.

ತಾಯಿ ಸೊಂಟಕ್ಕೆ ಸುತ್ತಿದ ಚಿತೆಂಗೆ ಬಟ್ಟೆಯ ಗಂಟು ಬಿಗಿ ಮಾಡಿಕೊಂಡಳು. ಕೋಪ ಮಾಡಿಕೊಳ್ಳಲಿಲ್ಲ. "ನಾನು ಬೀರು ಒಳಗೆ ಹೋದ್ರೆ ಅವನು ಸೀದಾ ಮಂಚದ ಹತ್ರ ಹೋಗ್ತಾನೆ. ಅವನಿಗೆ ಯಾರಾದ್ರೂ ಒಬ್ಬರು ಸಿಗ್ಲೇಬೇಕಿತ್ತು. ಅವನ ಕೈ ನನ್ನ ಮೇಲಿದ್ದಷ್ಟು ಹೊತ್ತು ನೀನೂ ನಿನ್ನ ತಂಗಿನೂ ಆಚೆ ಮನೆ ಅಜ್ಜಿ ಹತ್ರ ಸೇರ್ಕೋತಿದ್ರಿ." ಆಮೇಲೆ ಕೇಳಿದಳು: "ದಿನಾ ಸಾಯಂಕಾಲ ಆ ಅಡುಗೆಮನೆ ಬಾಗಿಲಿನ ಚಿಲಕ ತೆಗೆದೇ ಇರ್ತಿತ್ತಲ್ಲ, ಅದು ತಾನಾಗೇ ತೆಗ್ಕೋತಿತ್ತು ಅಂದ್ಕೊಂಡಿದ್ಯಾ?"

ಕಸೊಂಡೆ ಗೋಡೆಗೆ ಒರಗಿದಳು. ಅಪ್ಪನನ್ನು ಮಣ್ಣು ಮಾಡಿದ ದಿನವೂ ತಾಯಿಯ ಕೈ ಹಿಡಿಯದೆ ದೂರ ನಿಂತಿದ್ದಳು ಅವಳು. ಎದುರಾಡಲಾರದ ಹೆಂಗಸು, ಅವಳಿಂದಲೇ ನಾವು ಇಷ್ಟು ಅನುಭವಿಸಿದ್ದು ಎಂಬ ಸಿಟ್ಟಿನಲ್ಲಿ. ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಕೂತು ಗೇಮಿನ ಕೋಡು ತೆರೆದಳು.

"ಏನ್ ಮಾಡ್ತಿದ್ದೀಯೆ? ಆರು ಗಂಟೆಗೆ ಸ್ಪರ್ಧೆ ಮುಚ್ಚಿಬಿಡ್ತಾರೆ!" ಎಂದ ಬ್ವಾಲ್ಯ.

"ಮುಚ್ಚಲಿ."

ಕರೆಂಟು ಹೋಯಿತು. ಬ್ಯಾಟರಿಯಲ್ಲೇ ಅವಳು ಟೈಪು ಮಾಡುತ್ತಲೇ ಇದ್ದಳು. ತಪ್ಪಿದಲ್ಲಿ ಅಳಿಸಿದಳು, ಮತ್ತೆ ಬರೆದಳು. ಆರು ಗಂಟೆ ದಾಟಿತು. ಬ್ವಾಲ್ಯ ಒಮ್ಮೆ ಗಡಿಯಾರ ನೋಡಿ, ಆಮೇಲೆ ನೋಡುವುದನ್ನು ಬಿಟ್ಟು, ಅವಳ ಪಕ್ಕ ಕೂತು ಮಂಚದಡಿಯ ಹುಡುಗಿಯ ಕಾಲುಗಳನ್ನು ಬರೆದುಕೊಟ್ಟ. ಪಕ್ಕದ ಮನೆಯವರು ಇದ್ದಿಲ ಒಲೆ ಹಚ್ಚಿದ ಹೊಗೆ ಒಳಗೆ ಬರತೊಡಗಿತು. ತಾಯಿ ಎದ್ದು ಹೋಗಲಿಲ್ಲ.

"ಈಗ ಆಡಿ, ಬಮಾಯೊ," ಎಂದಳು ಕಸೊಂಡೆ.

ತಾಯಿ ಕೀಲಿ ಒತ್ತಿದಳು. ಹೆಂಗಸು ನಡುಮನೆಗೆ ಬಂದು ನಿಂತಳು. ಬೂಟು ಒಳಗೆ ಬಂತು, ಪರದೆ ಕೆಂಪಾಗತೊಡಗಿತು. ಅಷ್ಟರಲ್ಲಿ ಕೆಳಗಿನ ಮೂಲೆಯಲ್ಲಿ ಆ ಕಂದು ಚೌಕಗಳು ಮಂಚದಡಿಯಿಂದ ಹೊರಬಿದ್ದು, ಅಡುಗೆಮನೆ ದಾಟಿ, ಬಾಗಿಲಿನಾಚೆ ಮರೆಯಾದವು. ಸತ್ತ ಹೆಂಗಸಿನ ಕಡೆ ತಾಯಿ ನೋಡಲೇ ಇಲ್ಲ. ಬೆರಳನ್ನು ಆ ಮೂಲೆಯ ಮೇಲಿಟ್ಟು, ಅಂದಳು:

"ತುಂಬಾ ನಿಧಾನ ಕಣೆ. ನೀವು ಇನ್ನೂ ಜೋರಾಗಿ ಓಡ್ತಿದ್ರಿ."