ಕಾಲಿಗೆ ಪಟ್ಟಿ ಕಟ್ಟಿದ ಮರಿ

“ನಿಮ್ಮನ್ನ ಯಾರು ಕಳಿಸಿದ್ದು? ನಿಜ ಹೇಳಿ.”

ದೊಡ್ಡಕ್ಕನ ಮೊದಲ ಪ್ರಶ್ನೆಯೇ ಅದು. ಬೀದಿಪಾಲಾದ ನಾಯಿಗಳಿಗೆ ಆಶ್ರಯಧಾಮ ನಡೆಸುವ ಅವಳನ್ನು ಎಲ್ಲರೂ ಕರೆಯುವುದೇ ಹಾಗೆ. ಎದುರಿನ ಬೆಂಚಿನ ತುದಿಯಲ್ಲಿ ಮುದುರಿ ಕುಳಿತಿದ್ದ ಹೊಲಿಗೆಯವಳು ತಲೆಯೆತ್ತಿದಳು.

“ಯಾರೂ ಕಳಿಸಿಲ್ಲಕ್ಕ. ನಾನೇ ಬಂದೆ. ಮಗಳಿಗೆ ಒಂದು ಮರಿ ಬೇಕಿತ್ತು.”

“ಎಲ್ಲರೂ ಹೀಗೇ ಹೇಳ್ತಾರೆ. ಆಮೇಲೆ ನೋಡಿದ್ರೆ ಜಾತಿನಾಯಿ ಮಾರೋರ ಕಡೆಯವರು. ಇಲ್ಲಿಂದ ಒಯ್ದು ಗೂಡಿಗೆ ಹಾಕಿ, ಸಾಯೋವರೆಗೂ ಮರಿ ಹಾಕಿಸ್ತಾರೆ. ನಾನು ನಂಬೋದು ಹೇಗೆ?”

ಹೊಲಿಗೆಯವಳಿಗೆ ಅಳುವೇ ಬಂತು. ಆ ಜನರ ಹೆಸರೆತ್ತಿದರೆ ಉರಿದುಬೀಳುವವಳು ಅವಳು. ಹೋದ ವರ್ಷ ಅಂಥವರಲ್ಲೇ ಒಂದು ಮರಿ ಕೊಂಡಿದ್ದರು. ತಾಯಿಹಾಲು ಬಿಡುವ ಮೊದಲೇ ಕಿತ್ತು ಮಾರಿದ್ದರಂತೆ. ವಾರ ತುಂಬುವುದರೊಳಗೆ ಅದು ಮಗಳ ಮಡಿಲಲ್ಲೇ ಕಣ್ಣು ಮುಚ್ಚಿತು. ಅಂದಿನಿಂದ ಹುಡುಗಿ ಮಂಕಾಗಿದ್ದಾಳೆ. ಶಾಲೆಯಿಂದ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಾಳೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಗಂಡನಂತೂ ನಾಯಿಯ ಸಹವಾಸವೇ ಬೇಡ ಎಂದಿದ್ದ. ಇವಳು ಹಟ ಹಿಡಿದಿದ್ದಳು. ತಂದರೆ ದಿಕ್ಕಿಲ್ಲದ ಮರಿಯನ್ನೇ ತರಬೇಕು, ಆ ಕಟುಕರ ಕೈಗೆ ಇನ್ನೊಂದು ಬಿಡಿಗಾಸೂ ಹೋಗಬಾರದು.

ಅದನ್ನೆಲ್ಲ ಹೇಳಿಕೊಂಡಳು. ದೊಡ್ಡಕ್ಕ ಕಣ್ಣು ಮಿಟುಕಿಸದೆ ಕೇಳಿದಳು. ಮನೆ ಸ್ವಂತದ್ದೋ ಬಾಡಿಗೆಯದೋ, ಹಗಲಲ್ಲಿ ಯಾರಿರುತ್ತಾರೆ, ಅತ್ತೆಗೆ ನಾಯಿ ಕಂಡರೆ ಆಗುತ್ತದೋ ಇಲ್ಲವೋ. ಮಗಳನ್ನು ಕೊಡುವವರೂ ಇಷ್ಟು ಕೆದಕುವುದಿಲ್ಲ.

ಒಳಬಾಗಿಲ ಆಚೆ ನಾಯಿಗಳ ನರಳಾಟ ಕೇಳಿಸುತ್ತಿತ್ತು.

“ಒಂದ್ಸಲ ಒಳಗೆ ಬಂದು ನೋಡಲಾ ಅಕ್ಕ?”

“ಬೇಡ. ಕಾಯಿಲೆಯವು ಇವೆ. ನಿಮ್ಮ ಜೊತೆ ಮನೆಗೇ ಬಂದುಬಿಡುತ್ತೆ ರೋಗ.”

ದೊಡ್ಡಕ್ಕ ತಾನೇ ಎದ್ದು ಹೋಗಿ ಒಂದು ಮರಿಯನ್ನು ಎತ್ತಿಕೊಂಡು ಬಂದಳು. ಮೈಯೆಲ್ಲ ಕಪ್ಪು ಕೊಳೆ. ಹಿಂಗಾಲಿಗೆ ಬಿಗಿಯಾದ ಬಿಳಿ ಪಟ್ಟಿ, ಒಂದು ಕಲೆಯೂ ಇಲ್ಲ. ಹೊಟ್ಟೆ ಗುಂಡಗಿತ್ತು. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಪುಣ್ಯಾತ್ಗಿತ್ತಿ, ಎಂದುಕೊಂಡಳು ಹೊಲಿಗೆಯವಳು.

“ತಾಯಿ ಲಾರಿಗೆ ಸಿಕ್ಕಿ ಹೋಯ್ತು. ಇದರ ಕಾಲು ಮುರೀತು. ಪಟ್ಟಿ ನಾನೇ ಬಿಚ್ಚಬೇಕು, ನೀವು ಮುಟ್ಟಕೂಡದು. ಮೈಗೆ ನೀರು ಸೋಕಿಸಬಾರದು. ಮನೆಗೆ ಬಂದು ನೋಡ್ತೀನಿ. ಮಾತು ತಪ್ಪಿದ್ರೋ, ಅವತ್ತೇ ಮರಿ ವಾಪಸ್.”

ಮರಿ ಒಳಬಾಗಿಲ ಕಡೆ ಕತ್ತು ಹೊರಳಿಸಿ ಕುಂಯ್‌ಗುಟ್ಟಿತು.

“ಏನು ಕೊಡಬೇಕಕ್ಕ?”

“ಬೆಲೆ ಕಟ್ಟೋಕೆ ಇದೇನು ಅಂಗಡಿನಾ? ಒಳಗಿರೋ ಮೂಕಪ್ರಾಣಿಗಳ ಹೊಟ್ಟೆಗೆ, ನಿಮ್ಮ ಮನಸ್ಸಿಗೆ ಬಂದಷ್ಟು.”

ಹೊಲಿಗೆಯವಳು ಪರ್ಸನ್ನೇ ಬರಿದು ಮಾಡಿದಳು. ಜಾತಿನಾಯಿಗೆ ಕೊಟ್ಟದ್ದಕ್ಕಿಂತ ಹೆಚ್ಚೇ ಆಯಿತು. ಆದರೂ ಮನಸ್ಸು ಹಗುರಾಯಿತು.

ಮರಿ ಕುಂಟುತ್ತಾ ಮನೆಯೆಲ್ಲ ಓಡಾಡಿತು. ಮಗಳು ನಕ್ಕಳು. ಆ ನಗು ಕೇಳಿ ಗಂಡನೂ ಬಾಯಿಮುಚ್ಚಿಕೊಂಡ. ದೊಡ್ಡಕ್ಕ ಯಾವಾಗ ಬಂದು ಬಾಗಿಲು ಬಡಿಯುತ್ತಾಳೋ ಎಂಬ ಭಯ ಮಾತ್ರ ಹೊಲಿಗೆಯವಳನ್ನು ಬಿಡಲಿಲ್ಲ.

ಒಂದು ಸಂಜೆ ಹೊಲಿದ ಬಟ್ಟೆ ಕೊಟ್ಟು ಬರುವಷ್ಟರಲ್ಲಿ ಅನಾಹುತವಾಗಿತ್ತು. ಬಚ್ಚಲಲ್ಲಿ ಸೋಪಿನ ನೊರೆ, ಬಕೆಟ್ಟಿನ ತುಂಬ ಕರಿನೀರು.

“ಅಮ್ಮಾ, ನೋಡಿಲ್ಲಿ! ಇದು ಕರಿಯ ಅಲ್ಲ, ಬಿಳಿಯ!”

ಬೀದಿಯ ಕೊಳೆ ಅದೆಷ್ಟಿತ್ತೋ. ತಾಯಿಯ ಕಣ್ಣು ಬಣ್ಣದ ಮೇಲಿರಲಿಲ್ಲ, ತೊಯ್ದು ತೊಪ್ಪೆಯಾದ ಪಟ್ಟಿಯ ಮೇಲಿತ್ತು.

“ಏನೇ ಮಾಡಿದೆ ನೀನು!”

ಮಗಳು ಮರಿಯನ್ನು ಅವಚಿಕೊಂಡಳು. “ಇದನ್ನೂ ಕಳ್ಕೋತೀವಾ ಅಮ್ಮ?”

ಹೊಲಿಗೆಯವಳು ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಆಶ್ರಯಧಾಮಕ್ಕೆ ಓಡಿದಳು. ದೊಡ್ಡಕ್ಕನೇ ಬಂದು ಕಿತ್ತುಕೊಳ್ಳುವ ಮೊದಲು ತಾನಾಗಿ ಹೋಗಿ ಕಾಲು ಹಿಡಿಯುವುದು ಮೇಲು. ಬೈದರೆ ಬೈಯಲಿ, ಹೊಸ ಪಟ್ಟಿ ಕಟ್ಟಿಕೊಟ್ಟರೆ ಸಾಕು.

ಗೇಟು ತೆರೆದಿತ್ತು. ಬೆಂಚು ಖಾಲಿ. ಕೂಗಿದಳು, ಯಾರೂ ಓಗೊಡಲಿಲ್ಲ. ಒಳಬಾಗಿಲು ಅರ್ಧ ಸರಿದಿತ್ತು. ‘ತಪ್ಪಾಯ್ತಕ್ಕ, ಮಗು ತಿಳೀದೆ ಮಾಡ್ತು’ ಎಂದು ಬಾಯಲ್ಲೇ ಉರುಹೊಡೆಯುತ್ತಾ ಹೆಜ್ಜೆಯಿಟ್ಟಳು.

ಟವೆಲ್ಲಿನಿಂದ ಮರಿ ಚಂಗನೆ ನೆಗೆಯಿತು. ತೊಯ್ದ ಪಟ್ಟಿ ಜಾರಿಬಿತ್ತು. ಕುಂಟಲಿಲ್ಲ. ನಾಲ್ಕೂ ಕಾಲಿನಲ್ಲಿ ಓಡಿ, ಸಾಲುಗೂಡುಗಳಲ್ಲಿ ಒಂದರ ಜಾಲರಿಗೆ ಮೂತಿ ತೂರಿಸಿತು. ಒಳಗೆ ಮೊಲೆ ಜೋತುಬಿದ್ದ ಬಿಳಿ ನಾಯಿಯೊಂದು ತಡವರಿಸಿ ಎದ್ದು, ಅದನ್ನು ನೆಕ್ಕತೊಡಗಿತು.

ಮೂಲೆಯಲ್ಲಿ ದೊಡ್ಡಕ್ಕ ಮೊಣಕೈವರೆಗೆ ಮಸಿ ಮಾಡಿಕೊಂಡು ಕುಳಿತು, ಅರ್ಧ ಕಪ್ಪಾದ ಇನ್ನೊಂದು ಬಿಳಿ ಮರಿಯ ಹಿಂಗಾಲಿಗೆ, ಅದು ಝಾಡಿಸಿ ಒದೆಯುತ್ತಿದ್ದರೂ ಬಿಡದೆ, ಹೊಸ ಪಟ್ಟಿ ಸುತ್ತುತ್ತಿದ್ದಳು.