ನೀಲಿ ಲೋಟ

ಲೋಟ ಮೂಗಿಗೆ ಹಿಡಿದರೆ ಅವಳಿಗೆ ಏನೂ ವಾಸನೆ ಬರಲಿಲ್ಲ. ಈಗಷ್ಟೇ ಅದೇ ಲೋಟ ಮೂಸಿದ ಸೋದರಮಾವ, ಎದುರಿಗೆ ಕೂತ ಹೋಟೆಲ್ ಮಾಲೀಕನಿಗೆ ಹೇಳಿದ್ದ: "ಮೊದಲು ಹೊಗೆ, ಆಮೇಲೆ ಜೇನು, ಕೊನೇಲಿ ಒಂಚೂರು ಉಪ್ಪು. ಸಿಂಗಲ್ ಮಾಲ್ಟ್ ಅಂದ್ರೆ ಇದು. ಕಣ್ಮುಚ್ಚಿ ತಗೊಳ್ಳಿ." ದಿನವೂ ಅವಳೇ ಮೊದಲು ಮೂಸಬೇಕಿತ್ತು, ವಿಸ್ಕಿ ಪರೀಕ್ಷಿಸುವುದನ್ನು ಕಲಿಯುವವಳಲ್ಲವೇ. ಇವತ್ತು ಗಿರಾಕಿ ಅವಸರ ಮಾಡಿದ್ದರಿಂದ ಮಾವನೇ ಮುಂದಾಗಿದ್ದ.

ಇಷ್ಟು ದಿನ ಕಲಿತದ್ದೆಲ್ಲ ನೀರಿನಲ್ಲಿ ಹೋಮವಾಯಿತೇ ಎಂದು ಹೆದರುತ್ತಲೇ ಅವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಬರೀ ನೀರು. ಬಣ್ಣ ನೋಡಿ ಮೋಸಹೋಗಬಾರದೆಂದು ಪರೀಕ್ಷೆಯ ವಿಸ್ಕಿ ಸುರಿಯುತ್ತಿದ್ದದ್ದು ಕಡುನೀಲಿ ಲೋಟಕ್ಕೆ. ತೊಳೆಯಲು ಅದಕ್ಕೆ ನೀರು ಬಿಟ್ಟವಳು, ಗಡಿಬಿಡಿಯಲ್ಲಿ ವಿಸ್ಕಿ ಸುರಿಯುವುದನ್ನೇ ಮರೆತು ಹಾಗೆಯೇ ತಂದಿಟ್ಟಿದ್ದಳು. ಹಾಗಾದರೆ ಮಾವನಿಗೆ ಬಂದ ಹೊಗೆ ಯಾವುದು, ಜೇನು ಯಾವುದು?

"ಎಲ್ಲಿ, ನಾನೂ ನೋಡ್ತೀನಿ ಕೊಡಮ್ಮ," ಎಂದು ಮಾಲೀಕ ಕೈ ಚಾಚಿದ. ಅವಳು ಹಿಂದುಮುಂದು ನೋಡದೆ ಲೋಟವನ್ನು ಗಟಗಟ ಖಾಲಿ ಮಾಡಿ, ಗಂಟಲು ಉರಿದವಳ ಹಾಗೆ ಕೆಮ್ಮಿದಳು. ಮಾಲೀಕ ಬಿದ್ದುಬಿದ್ದು ನಕ್ಕ. ಮಾವ ನಗಲಿಲ್ಲ. ಅವಳು ಖಾಲಿ ಲೋಟ ಇಡಲು ಎದ್ದಾಗ, ಬೇರೆ ಲೋಟ ತರುವ ನೆಪದಲ್ಲಿ ಅವಳ ಹಿಂದೆಯೇ ಕಪಾಟಿನವರೆಗೆ ಬಂದ.

"ಲೋಟದಲ್ಲಿದ್ದದ್ದು ನೀರಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಆ ಜ್ವರ ಬಂದು ಹೋದಾಗಿಂದ ಮೂಗಿಗೆ ಏನೂ ತಿಳೀತಿಲ್ಲ ಕಣೆ," ಎಂದು ಅವನು ಪಿಸುಗುಟ್ಟಿದ. "ಮುಂದಿನದನ್ನ ನೀನೇ ಮೊದಲು ಮೂಸು. ದೀಪದ ಕಡೆ ಮುಖ ಮಾಡಿ ಕೂತ್ಕೊ. ದಿನಾ ನಿನ್ನ ಮುಖ ನೋಡಿಯೇ ಹೇಳ್ತಿದ್ದೆ."